ಪದಚರ್ಚೆ: ಬೇರಿಂಗ್ 'ಜೋಡಿಸುವುದಾ', 'ಕೂರಿಸುವುದಾ'?

ಗೆಳೆಯರೇ,

ಹಳೆಯ ಯೆಜ್ಡಿ ಬೈಕಿನ ಇಂಜಿನ್ನನ್ನು ಮನೆಯಲ್ಲೇ ಬಿಚ್ಚಿ, ತೊಳೆದು, ಮತ್ತೆ ಕಟ್ಟುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಏಳೆಂಟು ಸ್ಪ್ಯಾನರ್, ಒಂದು ತಿರುಪುಳಿ, ಇಕ್ಕಳ, ಮರದ ಕೊಡತಿ, ಒಂದು ಪುಲ್ಲರ್ (ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಸಲಕರಣೆ) ಇಟ್ಟುಕೊಂಡವರಿಗೆ ಸಾಕಾಗುವಷ್ಟು. ಟೂ ಸ್ಟ್ರೋಕ್ ಇಂಜಿನ್ ಆದ್ದರಿಂದ ವಾಲ್ವ್, ಕ್ಯಾಮ್ ಇಲ್ಲ. ಸಮಾಧಾನ ಇದ್ದರೆ ಮನೆಯಲ್ಲೇ ಕೈ ಹಾಕಬಹುದು.

ಬಿಚ್ಚಿದ ಇಂಜಿನ್ನನ್ನು ಮತ್ತೆ ಕಟ್ಟುವುದಕ್ಕೆ ಏನನ್ನೋಣ ಅಂತ ಹಿಂದೆ ಇಲ್ಲಿ ಕೇಳಿದಾಗ 'ಮರುಜೋಡಣೆ' ಅನ್ನಿ ಎಂದಿದ್ದಿರಿ. ಪದ ತಪ್ಪಲ್ಲ, ತಲೆಬರಹಕ್ಕೆ ಆಗುತ್ತದೆ. ಅದೇ ಧಾಟಿಯಲ್ಲಿ ಒಳಗೂ ಎಲ್ಲ ಕಡೆ 'ಜೋಡಿಸಿ' ಅಂತ ಬರೆದೆ. ಅಲ್ಲೇ ತೊಂದರೆ ಆಯಿತು.

ನನ್ನ ಚಿಕ್ಕಪ್ಪನ ಮಗ ಆ ಟಿಪ್ಪಣಿ ಹಿಡಿದುಕೊಂಡು ಇಂಜಿನ್ ಕಟ್ಟಲು ಕೂತಿದ್ದ. (ಇಂಜಿನ್ನಿನೊಳಗೆ ತಿರುಗುವ ದಂಡ ಕ್ರ್ಯಾಂಕ್. ಅದನ್ನು ಒಳಗಿಟ್ಟು ಮುಚ್ಚುವ, ಎರಡು ಹೋಳಿನ ಅಲ್ಯೂಮಿನಿಯಂ ಪೆಟ್ಟಿಗೆ ಚೇಂಬರ್. ಕ್ರ್ಯಾಂಕ್ ಸಲೀಸಾಗಿ ತಿರುಗಲು ಚೇಂಬರಿನಲ್ಲಿ ಇರುವ ಉಕ್ಕಿನ ಬಳೆ ಬೇರಿಂಗ್.) ರಾತ್ರಿ ಹತ್ತಕ್ಕೆ ಫೋನ್.

"ಅಣ್ಣಾ, ಚೇಂಬರ್ ಮುಚ್ಚಿದೆ. ಕ್ರ್ಯಾಂಕ್ ತಿರುಗ್ತಾನೇ ಇಲ್ಲ."

"ಬೇರಿಂಗ್ ನೋಡಿದ್ಯಾ?"

"ನೀವು ಬರೆದ ಹಾಗೇ ಜೋಡಿಸಿದ್ದೀನಿ."

"ಜೋಡಿಸಿದ್ದೀಯ. ಪೂರ್ತಿ ಕೂತಿದ್ಯಾ?"

ಸ್ವಲ್ಪ ಹೊತ್ತು ಮಾತಿಲ್ಲ. ಚೇಂಬರ್ ಬಿಚ್ಚುವ ಸದ್ದು. ಆಮೇಲೆ, "ಇಲ್ಲ ಅಣ್ಣಾ. ಒಂದು ಕಡೆ ಎದ್ದಿದೆ."

ಬೇರಿಂಗ್ ಮುಕ್ಕಾಲು ಪಾಲು ಒಳಗೆ ಹೋಗಿತ್ತು. ಚೇಂಬರಿನ ಎರಡು ಹೋಳಿನ ನಡುವೆ ಸಂದು ಉಳಿದಿತ್ತು. ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂತ ಅವನು ಎಳೆದು ಬಿಗಿದಿದ್ದ. ಹಾಗೆ ಬಿಗಿದರೆ ಕ್ರ್ಯಾಂಕ್ ಹಿಡಿದುಕೊಳ್ಳುತ್ತದೆ, ಚೇಂಬರ್ ಸೀಳಲೂಬಹುದು. ಅವನ ತಪ್ಪೇನೂ ಇಲ್ಲ. ನಾನು ಬರೆದ ಪದದಲ್ಲಿ 'ತಳ ಮುಟ್ಟುವವರೆಗೆ' ಅನ್ನುವ ಅರ್ಥ ಇರಲೇ ಇಲ್ಲ. 'ಕೂತಿದ್ಯಾ' ಅಂದ ತಕ್ಷಣ ಅವನಿಗೆ ಗೊತ್ತಾಯಿತು. ಉತ್ತರದಲ್ಲಿ 'ಎದ್ದಿದೆ' ಅನ್ನುವ ಪದವನ್ನು ಅವನೇ ತಂದ, ನಾನು ಹೇಳಿಕೊಟ್ಟಿದ್ದಲ್ಲ. ಕೂರುವುದಕ್ಕೆ ಏಳುವುದು ಎದುರು, ಅಷ್ಟೇ.

ಆಮೇಲೆ ಯೋಚಿಸಿದೆ. 'ಜೋಡಿಸು' ಬಂದಿರುವುದು 'ಜೋಡಿ'ಯಿಂದ. ಎರಡು ವಸ್ತು ಒಟ್ಟಿಗೆ ಬಂದರೆ ಜೋಡಿಸಿದ ಹಾಗೆ ಆಯಿತು. ಜೊತೆಗೆ ಅದು ಮಾಡುವವನ ಕೆಲಸವನ್ನು ಮಾತ್ರ ಹೇಳುತ್ತದೆ. 'ಕೂರಿಸು' ಹಾಗಲ್ಲ, ಅದರೊಳಗೆ 'ಕೂರು' ಇದೆ. ನಾನು ಕೂರಿಸುತ್ತೇನೆ, ಬೇರಿಂಗ್ ಕೂರುತ್ತದೆ. ನಾನು ಕೂರಿಸಿದರೂ ಅದು ಕೂರದೇ ಇರಬಹುದು. 'ಹೊಂದಿಸು-ಹೊಂದು', 'ಸೇರಿಸು-ಸೇರು' ಕೂಡ ಇಂಥವೇ. 'ಜೋಡಿಸು' ಪದಕ್ಕೆ ಈ ಜೊತೆ ಇಲ್ಲ. 'ಬೇರಿಂಗ್ ಜೋಡಿತು' ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಕೈಕೆಲಸದಲ್ಲಿ ಮಾಡಿದ್ದು ಬೇರೆ, ಆದದ್ದು ಬೇರೆ. ಎರಡನ್ನೂ ಹೇಳುವ ಪದವೇ ಬೇಕು.

ನಾವು ಮೈಸೂರಿನವರು ದಸರೆಗೆ ಗೊಂಬೆ ಕೂರಿಸುತ್ತೇವೆ. ಚೌತಿಗೆ ಗಣಪತಿ ಕೂರಿಸುತ್ತೇವೆ. ಅಕ್ಕಸಾಲಿಗರು ಉಂಗುರಕ್ಕೆ ಕಲ್ಲು ಕೂರಿಸುತ್ತಾರೆ. ಎಲ್ಲದರಲ್ಲೂ ಆ ವಸ್ತುವಿಗೆ ಅದರದೇ ಒಂದು ಜಾಗ ಇದೆ, ಅಲ್ಲಿ ಅದು ಅಲುಗಾಡದೆ ಇರಬೇಕು. ಗ್ಯಾರೇಜಿನವರ 'ಕೂರಿಸು' ಇದೇ. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ ಕೈಪಿಡಿಗಳಲ್ಲಿ 'ಬೇರಿಂಗನ್ನು ಸ್ಥಾಪಿಸಿ' ಅಂತ ಇರುತ್ತದೆ. ಓದಿದರೆ ಸಂಘ ಸ್ಥಾಪಿಸಿದ ಹಾಗೆ ಕೇಳುತ್ತದೆ. (ಹಳೆಗನ್ನಡದ 'ಕೂರ್', ಅಂದರೆ ಪ್ರೀತಿಸು, 'ಕೂರ್ಮೆ'ಯ ಕೂರ್, ಬೇರೆ ಪದ. ನಮ್ಮ 'ಕೂರು' ಬಂದದ್ದು 'ಕುಳ್ಳಿರ್'ನಿಂದ.)

ಬೇರಿಂಗ್ ಕೂರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಚೇಂಬರನ್ನು ಪೆಟ್ರೋಲಿನ ಪಸೆ ಸ್ವಲ್ಪವೂ ಇಲ್ಲದ ಹಾಗೆ ಒರೆಸಿ ಒಣಗಿಸಬೇಕು. ಬೇರಿಂಗನ್ನು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಇಡಬೇಕು. ಚೇಂಬರನ್ನು ದಪ್ಪ ಹೆಂಚಿನ ಮೇಲಿಟ್ಟು ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ಕಾದಿದೆಯಾ ಅಂತ ತಿಳಿಯಲು ದೋಸೆ ಹೆಂಚಿಗೆ ಮಾಡುವ ಹಾಗೆ ಎರಡು ಹನಿ ನೀರು ಚಿಮುಕಿಸಿ. ಚುಂಯ್ ಅಂತ ಆರಿಹೋದರೆ ಸಾಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ 2 ಪಟ್ಟು ಹಿಗ್ಗುತ್ತದೆ, ಹಾಗಾಗಿ ಜಾಗ ಒಂದಿಷ್ಟು ಅಗಲವಾಗಿರುತ್ತದೆ. ಈಗ ಬೇರಿಂಗನ್ನು ನೆಟ್ಟಗೆ ಹಿಡಿದು ಬಿಡಬೇಕು. ಸುತ್ತಿಗೆ ಬೇಡ. ತನ್ನ ಭಾರಕ್ಕೆ ತಾನೇ ಇಳಿದು 'ಟಕ್' ಅನ್ನುತ್ತದೆ. ಆ ಸದ್ದೇ 'ಕೂತಿತು'.

ಇನ್ನೊಂದು ಪದವೂ ನನ್ನನ್ನು ಕಾಡುತ್ತಿದೆ: 'ಕಟ್ಟು'. ನಮ್ಮ ಕಡೆ ಮೆಕ್ಯಾನಿಕ್‌ಗಳು ಬಿಡಿಭಾಗಕ್ಕೆ 'ಕೂರಿಸು' ಅಂತಾರೆ, ಇಡೀ ಇಂಜಿನ್ನಿಗೆ 'ಕಟ್ಟು' ಅಂತಾರೆ. ಮನೆ ಕಟ್ಟು, ಹೂ ಕಟ್ಟು, ಇಂಜಿನ್ ಕಟ್ಟು. ಒಂದೊಂದಾಗಿ, ಹಿಂದಿನದರ ಮೇಲೆ ಮುಂದಿನದು. ಬಹಳ ಒಳ್ಳೆಯ ಪದ. ಆದರೆ 'ಕಾರ್ಬ್ಯುರೇಟರ್ ಜೆಟ್ ಕಟ್ಟಿದೆ', 'ಸೈಲೆನ್ಸರ್ ಕಟ್ಟಿದೆ' ಅಂದರೆ ಮೂಗು ಕಟ್ಟಿದ ಹಾಗೆ, ಮುಚ್ಚಿಕೊಂಡಿದೆ ಅಂತ. ಎರಡೂ ಒಂದೇ ಪುಟದಲ್ಲಿ ಬರುತ್ತವೆ. ಮಾತಿನಲ್ಲಿ ಗೊಂದಲ ಆಗುವುದಿಲ್ಲ. ಬರಹದಲ್ಲಿ ಹೊಸಬರಿಗೆ ಆಗಬಹುದಾ? ಎರಡನೆಯದಕ್ಕೆ 'ಕಟ್ಟಿಕೊಂಡಿದೆ' ಅಂತ ಬರೆದರೆ ಸಾಕು ಅಂತ ನನಗೆ ಅನ್ನಿಸುತ್ತದೆ.

ಪಿಸ್ಟನ್ ರಿಂಗ್ ವಿಷಯದಲ್ಲಿ ಪದ ಕೊಟ್ಟವರು ನನ್ನ ಅಮ್ಮ. ಗ್ಯಾರೇಜಿನಲ್ಲಿ 'ರಿಂಗ್ ಹಾಕು' ಅಂತಾರೆ. ನಾನು ಎರಡು ಹೆಬ್ಬೆರಳಲ್ಲಿ ರಿಂಗಿನ ಬಾಯಿ ಅಗಲಿಸುತ್ತಿದ್ದೆ. ಬೀಡುಕಬ್ಬಿಣ, ಒಂದಿಷ್ಟು ಜಾಸ್ತಿ ಅಗಲಿಸಿದರೆ ಮುರಿಯುತ್ತದೆ. ನೋಡುತ್ತಿದ್ದ ಅಮ್ಮ, "ಮೆಲ್ಲಗೆ ತೊಡಿಸು, ಬಳೆ ತೊಡಿಸಿದ ಹಾಗೆ" ಅಂದರು. ಟಿಪ್ಪಣಿಯಲ್ಲಿ ಈಗ 'ರಿಂಗನ್ನು ತೊಡಿಸಿ' ಅಂತಲೇ ಇದೆ. ಕೈ ಎಷ್ಟು ಹಗುರ ಇರಬೇಕು ಅಂತ ಆ ಪದವೇ ಹೇಳುತ್ತದೆ. ಆಮೇಲಿನ ಮಾತು ಮಾತ್ರ ಮೆಕ್ಯಾನಿಕ್‌ನದು: ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನಲ್ಲಿರುವ ಪಿನ್ನಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಬೋರಿನ (ಸಿಲಿಂಡರಿನ) ಒಳಗಿನ ಕಿಂಡಿಗೆ ಸಿಕ್ಕಿಕೊಳ್ಳುತ್ತದೆ. ಮತ್ತೆ 'ಕೂರು'!

ನಿಮ್ಮಲ್ಲಿ ನನ್ನ ಪ್ರಶ್ನೆಗಳು ಇವು. ಹುಬ್ಬಳ್ಳಿ, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಬೇರಿಂಗಿಗೆ 'ಕುಂದ್ರಸು' ಅಂತಾರಾ, ಬೇರೆ ಪದ ಇದೆಯಾ? ಅಲ್ಲಿ ಸ್ಪ್ಯಾನರಿಗೆ 'ಪಾನಾ' ಅನ್ನುವುದು ಗೊತ್ತು, ಈ ಕ್ರಿಯಾಪದ ಕೇಳಿಲ್ಲ. ಕರಾವಳಿಯವರು ಏನಂತೀರಿ?

ಇನ್ನೊಂದು, ಬೇರಿಂಗ್ ಕೂರುವ ಆ ಜಾಗಕ್ಕೆ ಏನನ್ನೋಣ? ನಾನು 'ಸೀಟು' ಅಂತ ಬರೆದಿದ್ದೇನೆ. 'ಗೂಡು', 'ಮನೆ' ಎರಡೂ ಮನಸ್ಸಿಗೆ ಬಂದವು. ಚೌಕಾಬಾರದಲ್ಲಿ ಕಾಯಿ ಕೂರುವುದು ಮನೆಯಲ್ಲೇ ತಾನೆ. ಮರಗೆಲಸದವರು, ಕಮ್ಮಾರರು ಇಂಥ ಜಾಗಕ್ಕೆ ಬಳಸುವ ಪದ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಾಗುತ್ತಿದ್ದವು. ಅಲ್ಲಿ ದುಡಿದವರು ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇದ್ದರೆ ಅವರನ್ನು ಕೇಳಿ ಬರೆಯಿರಿ. ಪದ ಅವರ ಬಾಯಲ್ಲಿ ಇದ್ದೇ ಇರುತ್ತದೆ.

ಭಾನುವಾರ ಹುಡುಗ ಮತ್ತೆ ಚೇಂಬರ್ ಬಿಸಿ ಮಾಡುತ್ತಾನೆ. ಅಷ್ಟರೊಳಗೆ ತಿದ್ದಿದ ಟಿಪ್ಪಣಿ ಅವನಿಗೆ ಕಳಿಸಬೇಕು.