‘ದೊಡ್ಡವಳಾದಳು’ ಎನ್ನದೆ ಹುಡುಗಿಯನ್ನು ಬೆಳೆಸುವುದು ಹೇಗೆ? – ಲಿಟಲ್ ರಾಕ್ ಕಾದಂಬರಿಗೆ ಬೇಕಾದ ಪದಗಳು

ಪದಪ್ರಿಯರೇ,

ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೆಂದು ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಅಮೆರಿಕದ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಿನಲ್ಲಿ, 1957ರ ಸೆಪ್ಟೆಂಬರಿನಿಂದ ಮುಂದಿನ ಬೇಸಿಗೆಯವರೆಗೆ. ಬಿಳಿಯರ ಮಕ್ಕಳಷ್ಟೇ ಓದುತ್ತಿದ್ದ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಸೇರಿದ ವರ್ಷ ಅದು. ಗವರ್ನರ್ ಓರ್ವಲ್ ಫಾಬಸ್ ಬಂದೂಕುಧಾರಿಗಳನ್ನು ನಿಲ್ಲಿಸಿ ಅವರನ್ನು ತಡೆದ; ಅಧ್ಯಕ್ಷ ಐಸೆನ್‌ಹೋವರ್ ಸೇನೆ ಕಳಿಸಿದ ಮೇಲೆ ಸೆಪ್ಟೆಂಬರ್ 25ರಂದು ಸೈನಿಕರ ನಡುವೆ ನಡೆದು ಮಕ್ಕಳು ಒಳಗೆ ಹೋದರು. ನನ್ನ ಕಥೆಯ ಹುಡುಗಿ ಆ ಒಂಬತ್ತರಲ್ಲಿ ಒಬ್ಬಳಲ್ಲ. ಅವರನ್ನು ಬೀದಿಯ ಈ ಬದಿಯಿಂದ ನೋಡುವ, ಹದಿಮೂರು ತುಂಬಿದ ಕಲ್ಪಿತ ಹುಡುಗಿ. ಇತಿಹಾಸದ ವಿವರಗಳು ಕೈಯಲ್ಲಿವೆ, ತೊಡಕಿರುವುದು ಕನ್ನಡದಲ್ಲಿ.

ಎಳೆಯರು ಲೋಕ ಅರಿತು ಬೆಳೆಯುವ ಇಂಥ ಕಥೆಗಳಿಗೆ ಇಂಗ್ಲಿಷಿನಲ್ಲಿ ‘ಕಮಿಂಗ್ ಆಫ್ ಏಜ್’ ಎನ್ನುತ್ತಾರೆ. ನಮ್ಮ ‘ವಯಸ್ಸಿಗೆ ಬರುವುದು’, ‘ಪ್ರಾಯಕ್ಕೆ ಬರುವುದು’ ಎರಡೂ ಮೈಯ ಮಾತುಗಳು. ಹುಡುಗಿಯಾದರಂತೂ ಕೇಳುವುದೇ ಬೇಡ. ‘ಆ ಚಳಿಗಾಲದಲ್ಲಿ ಅವಳು ದೊಡ್ಡವಳಾದಳು’ ಎಂಬ ವಾಕ್ಯವನ್ನು ಪರೀಕ್ಷಿಸಲೆಂದೇ ಚಾಮರಾಜಪೇಟೆಯ ಕೆಲವು ಮಕ್ಕಳಿಗೆ ಓದಿ ಹೇಳಿದೆ. ಹುಡುಗಿಯರು ಮುಖ ಮುಖ ನೋಡಿಕೊಂಡು ನಕ್ಕರು, ಹುಡುಗರಿಗೆ ನಗು ಏಕೆಂದೇ ತಿಳಿಯಲಿಲ್ಲ. ಹಸೆಯ ಮೇಲೆ ಕೂರಿಸಿ, ಆರತಿ ಎತ್ತಿ, ಚಿಗಳಿ ಕೊಡುವ ಚಿತ್ರ ಲಿಟಲ್ ರಾಕ್‌ನ ಬೀದಿಗೆ ಬಂದು ನಿಂತರೆ ನನ್ನ ಅಧ್ಯಾಯ ಕೆಟ್ಟಂತೆಯೇ. ‘ಪ್ರಾಪ್ತ ವಯಸ್ಕಳಾದಳು’ ಎಂದರೆ ಉಪನೋಂದಣಾಧಿಕಾರಿಯ ಕಚೇರಿಯ ವಾಸನೆ. ‘ಬುದ್ಧಿ ಬಂತು’ ಎಂದರೆ ಯಾರೋ ಕಪಾಳಕ್ಕೆ ಕೊಟ್ಟ ನಂತರದ ಮಾತು.

ಉಳಿಯುವುದು ‘ಬುದ್ಧಿ ತಿಳಿಯುವುದು’. ‘ನನಗೆ ಬುದ್ಧಿ ತಿಳಿದಾಗಿನಿಂದ’ ಎಂದು ಹಿರಿಯರು ಹೇಳುತ್ತಾರಲ್ಲ, ಅದು. ಅದು ಐದಾರು ವರ್ಷದ ಮಗುವಿನ ಲೆಕ್ಕ, ಹದಿಮೂರರ ಹುಡುಗಿಗೆ ಚಿಕ್ಕದಾಯಿತು ಎನ್ನಬಹುದು. ಆದರೆ ಆ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಮಗುವಿಗೆ ಲೋಕ ತಿಳಿಯುತ್ತಿದ್ದದ್ದು ಅದೇ ವಯಸ್ಸಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಮೇಲಿನ ಫಲಕವನ್ನು ಅಮ್ಮ ಓದಿ ಹೇಳಿದಾಗ. ಹಾಗಾಗಿ ಇದನ್ನೇ ಉಳಿಸಿಕೊಂಡು, ಹದಿಮೂರರಲ್ಲಿ ಆಗುವುದಕ್ಕೆ ‘ಬುದ್ಧಿ ಬಲಿಯಿತು’ ಎನ್ನಬಹುದೇ? ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಆ ಫಲಕದ ಕಥೆಯೂ ಇದೆ. ಒಂದರಲ್ಲಿ ‘ವೈಟ್’, ಇನ್ನೊಂದರಲ್ಲಿ ‘ಕಲರ್ಡ್’. ‘ಬಿಳಿಯರು’ ಸರಿ. ‘ಬಣ್ಣದವರು’ ಎಂದರೆ ಬೆಂಗಳೂರಿನ ಮಗು ಗೋಡೆಗೆ ಸುಣ್ಣ ಬಣ್ಣ ಹೊಡೆಯುವವರೆಂದುಕೊಳ್ಳುತ್ತದೆ, ಕರಾವಳಿಯ ಮಗು ಯಕ್ಷಗಾನದ ಬಣ್ಣದ ವೇಷವನ್ನು ನೆನೆಯುತ್ತದೆ. ಹಾಗಿದ್ದರೂ ನನಗೆ ಇದನ್ನು ಬಿಡಲು ಮನಸ್ಸಿಲ್ಲ. ಆ ನಲ್ಲಿಯಲ್ಲಿ ಬಣ್ಣಬಣ್ಣದ ನೀರು ಬರುತ್ತದೆಂದು ನಂಬಿದ್ದ ಮಕ್ಕಳ ಪ್ರಸಂಗ ಅಲ್ಲಿನವರ ಬಾಲ್ಯದ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ‘ಬಣ್ಣದವರ ನೀರು’ ಎಂದು ಬರೆದರೆ ಕನ್ನಡದಲ್ಲಿ ಆ ಗೊಂದಲ ತಾನಾಗಿಯೇ ಹುಟ್ಟುತ್ತದೆ.

‘ರೇಸ್’ ಪದಕ್ಕೆ ಪತ್ರಿಕೆಗಳು ‘ಜನಾಂಗ’ ಎನ್ನುತ್ತವೆ. ನಮ್ಮ ಮಕ್ಕಳು ಆ ಪದವನ್ನು ಓದುವುದೆಲ್ಲಿ? ‘ನಮ್ಮ ಜನಾಂಗದ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಸನ್ಮಾನ’ ಎಂಬ ಬ್ಯಾನರಿನಲ್ಲಿ. ‘ವರ್ಣ’ ಎಂದರೆ ಬಣ್ಣ, ಅಕ್ಷರ, ನಾಲ್ಕು ವರ್ಣ ಎಲ್ಲವೂ ಬೆರೆತು ಕುಳಿತಿವೆ. ‘ವರ್ಣಭೇದ ನೀತಿ’ಯನ್ನು ದಕ್ಷಿಣ ಆಫ್ರಿಕಕ್ಕೆ ಬರೆದುಕೊಟ್ಟು ಬಹಳ ಕಾಲವಾಯಿತು. ನಾನು ನಿರೂಪಣೆಯಲ್ಲಿ ‘ಬಣ್ಣ’ ಎಂದಷ್ಟೇ ಬಳಸಿ ಮುಂದೆ ಹೋಗುತ್ತಿದ್ದೇನೆ.

ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸುವ ‘ಇಂಟಿಗ್ರೇಷನ್’ಗೆ ನಿಘಂಟುಗಳಲ್ಲಿ ಸಿಗುವ ಪದಗಳಲ್ಲಿ ‘ಏಕೀಕರಣ’ವೂ ಒಂದು. 1957ರ ಕಥೆಯಲ್ಲಿ ‘ಏಕೀಕರಣಕ್ಕಾಗಿ ಹೋರಾಡಿದರು’ ಎಂದರೆ ಕನ್ನಡದ ಮಗುವಿನ ಕಣ್ಣ ಮುಂದೆ ಬರುವುದು 1956ರ ನವೆಂಬರ್ 1. ‘ಸಹಕಲಿಕೆ’ ಎಂದರೆ ಹುಡುಗ ಹುಡುಗಿಯರ ವಿಷಯವಾಗಿಬಿಡುತ್ತದೆ. ‘ಒಂದೇ ಶಾಲೆ’ ಎಂದು ಸರಳವಾಗಿ ಹೇಳುವುದೇ ಮೇಲೆಂದು ತೋರುತ್ತದೆ. ಶಾಲೆಗಳಲ್ಲಿ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರ ಮೇ 17ರಂದು ಹೇಳಿತು. ಹೇಗೆ, ಎಷ್ಟು ಬೇಗ ಎಂಬುದಕ್ಕೆ 1955ರಲ್ಲಿ ಕೊಟ್ಟ ಎರಡನೆಯ ಆದೇಶದಲ್ಲಿ ಅವಸರವೂ ನಿಧಾನವೂ ಒಟ್ಟಿಗಿರುವ ಒಂದು ನುಡಿಗಟ್ಟಿದೆ. ಅದಕ್ಕೆ ಮಾತ್ರ ನನಗೆ ಪದ ಹುಡುಕುವ ಕಷ್ಟವಾಗಲಿಲ್ಲ: ‘ಸೂಕ್ತ ಕಾಲದಲ್ಲಿ ಶೀಘ್ರ ಕ್ರಮ ಕೈಗೊಳ್ಳತಕ್ಕದ್ದು’. ನಮ್ಮ ಕಚೇರಿ ಕನ್ನಡ ಇಂಥದ್ದಕ್ಕೆಂದೇ ಪಳಗಿದೆ.

ಇಷ್ಟೆಲ್ಲ ಪರದಾಟ ಏಕೆ, ‘ಅಸ್ಪೃಶ್ಯತೆ’ ಎಂದುಬಿಡಿ, ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ ಎಂದು ಹಿರಿಯ ಮಿತ್ರರೊಬ್ಬರು ಹೇಳಿದರು. ಹೋಲಿಕೆ ಹೊಸತಲ್ಲ. ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡು ಬೋಯಿಸ್ ಅವರಿಗೆ ಪತ್ರ ಬರೆದು ಎರಡು ಸಮುದಾಯಗಳ ಸ್ಥಿತಿಯ ಸಾಮ್ಯವನ್ನು ಎತ್ತಿದ್ದರು. 1959ರಲ್ಲಿ ಭಾರತಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್, ಕೇರಳದ ಶಾಲೆಯೊಂದರಲ್ಲಿ ಅಲ್ಲಿನ ಪ್ರಾಂಶುಪಾಲರು ತಮ್ಮನ್ನು ‘ಅಮೆರಿಕದ ಅಸ್ಪೃಶ್ಯ’ರೆಂದು ಪರಿಚಯಿಸಿದ್ದನ್ನೂ, ಮೊದಲು ಬೆಚ್ಚಿ ಆಮೇಲೆ ತಾವು ಒಪ್ಪಿಕೊಂಡದ್ದನ್ನೂ 1965ರ ಉಪದೇಶವೊಂದರಲ್ಲಿ ಹೇಳಿದ್ದಾರೆ. ಆದರೂ ನನ್ನ ಹುಡುಗಿಯ ಅಮ್ಮ ಕೆಲಸ ಮಾಡುವುದು ಬಿಳಿಯರ ಮನೆಯ ಅಡುಗೆಮನೆಯಲ್ಲಿ. ಅವಳು ಹಿಟ್ಟು ನಾದುತ್ತಾಳೆ, ಆ ಮನೆಯ ಕೂಸಿಗೆ ಉಣಿಸುತ್ತಾಳೆ. ಅವಳ ಕೈ ಅವರಿಗೆ ಮೈಲಿಗೆಯಲ್ಲ, ಪಕ್ಕದ ಕುರ್ಚಿಯಲ್ಲಿ ಅವಳು ಕೂರುವುದು ಮಾತ್ರ ಆಗದು. ಅಸ್ಪೃಶ್ಯತೆ ಎಂದ ಕೂಡಲೇ ಈ ವಿಚಿತ್ರ ಮುಚ್ಚಿಹೋಗುತ್ತದೆ. ಸಾಮಾನು ಮಾರಿ ಹಣ ಪಡೆದು, ಅದೇ ಅಂಗಡಿಯ ಊಟದ ಕಟ್ಟೆಯಲ್ಲಿ ಕೂರಲು ಬಿಡದ ಪದ್ಧತಿಗೆ ‘ಪಂಕ್ತಿಭೇದ’ ಹೆಚ್ಚು ಹತ್ತಿರ. ಹದಿಮೂರರ ಓದುಗರಿಗೆ ಆ ಪದ ಗೊತ್ತಿರುತ್ತದೆಯೇ ಎಂಬುದೇ ಅನುಮಾನ.

ಬಿಳಿಯರು ಕಪ್ಪು ಜನರಿಗೆ ಬಳಸುತ್ತಿದ್ದ ಬೈಗುಳದ ವಿಷಯ ಚಿಕ್ಕದು. ‘ಕರಿಯ’ ಆ ಬೈಗುಳವನ್ನು ಹೊರಲಾರದು. ಕರಿಯಪ್ಪ, ಕರಿಯಮ್ಮ ಎಂದು ಅಕ್ಕರೆಯಿಂದ ಹೆಸರಿಡುವ ನಾಡು ನಮ್ಮದು (ಅದೇ ಹೆಸರಿನಿಂದ ತರಗತಿಯಲ್ಲಿ ಗೆಳೆಯನನ್ನು ಕಾಡಿಸುವ ನಾಡೂ ಹೌದು). ‘ನೀಗ್ರೋ’ ಆಗ ಗೌರವದ ಪದವೇ, ಕಿಂಗ್ ಅವರೂ 1963ರ ವಾಷಿಂಗ್ಟನ್ ಭಾಷಣದಲ್ಲಿ ಬಳಸಿದ್ದಾರೆ. ಅದನ್ನು ಪಾತ್ರಗಳ ಬಾಯಲ್ಲಿ ಮಾತ್ರ ಇಟ್ಟಿದ್ದೇನೆ.

ಇನ್ನು ನನ್ನ ನಿಜವಾದ ಪ್ರಶ್ನೆ. ಆ ರಾಜ್ಯಗಳಲ್ಲಿ ಬಿಳಿಯ ಹುಡುಗನೂ ಕಪ್ಪು ಮುದುಕನನ್ನು ಬರಿಯ ಹೆಸರಿನಿಂದ ಕರೆಯುತ್ತಿದ್ದ. ಮುದುಕ ಮಾತ್ರ ‘ಸರ್’, ‘ಮ್ಯಾಮ್’ ಎನ್ನಬೇಕಿತ್ತು. 1963ರಲ್ಲಿ ಅಲಬಾಮಾದ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲ ‘ಮೇರಿ’ ಎಂದು ಕರೆದಾಗ, ಮೇರಿ ಹ್ಯಾಮಿಲ್ಟನ್ ಎಂಬ ಕಪ್ಪು ಹೋರಾಟಗಾರ್ತಿ ‘ಮಿಸ್ ಹ್ಯಾಮಿಲ್ಟನ್’ ಎನ್ನದ ಹೊರತು ಉತ್ತರಿಸುವುದಿಲ್ಲವೆಂದರು. ನ್ಯಾಯಾಂಗ ನಿಂದನೆಯೆಂದು ಶಿಕ್ಷೆಯಾಯಿತು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಇಂಗ್ಲಿಷಿನವನಿಗೆ ಇದನ್ನು ವಿವರಿಸಲು ಅರ್ಧ ಪುಟ ಬೇಕು. ಕನ್ನಡದಲ್ಲಿ ‘ಏಕವಚನದಲ್ಲಿ ಕರೆದರು’ ಎಂದರೆ ಮುಗಿಯಿತು, ಓದುವವನ ಕಿವಿ ಬಿಸಿಯಾಗುತ್ತದೆ.

ಆದ್ದರಿಂದ ನನ್ನ ಬಿಳಿಯ ಪಾತ್ರಗಳು ಹುಡುಗಿಯ ತಾತನೊಡನೆ ಆಡುವ ಮಾತೆಲ್ಲ ಏಕವಚನದಲ್ಲಿದೆ. ಆದರೆ ತಾತ ಏನೆಂದು ಓಗೊಡಬೇಕು? ‘ಬಂದೆ ಬುದ್ಧೀ’ ಎಂದು ಬರೆದ ಮರುಕ್ಷಣವೇ ಅರ್ಕನ್ಸಾ ಮದ್ದೂರಿನ ಪಕ್ಕಕ್ಕೆ ಬಂದುಬಿಟ್ಟಿತು. ‘ಸ್ವಾಮಿ’ಗೆ ಮಠದ ಛಾಯೆ. ‘ಸರ್’ ಎಂದರೆ ಬೆಂಗಳೂರಿನಲ್ಲಿ ಆಟೋ ಚಾಲಕನಿಂದ ವೈದ್ಯರವರೆಗೆ ಎಲ್ಲರೂ ಎಲ್ಲರಿಗೂ ಅನ್ನುವುದೇ, ತೂಕವಿಲ್ಲ. ನಾನು ಒಲಿಯುತ್ತಿರುವುದು ‘ದೊರೆ’, ‘ದೊರೆಸಾನಿ’ಗಳ ಕಡೆಗೆ. ದಂಡು, ಪೇಟೆ ಎಂದು ಊರು ಎರಡಾಗಿ, 1949ರವರೆಗೂ ಎರಡು ಪುರಸಭೆಗಳಿದ್ದ ಬೆಂಗಳೂರಿಗೆ ಬಿಳಿಯರನ್ನು ಹಾಗೆ ಕರೆದು ಅಭ್ಯಾಸವಿತ್ತು. (‘ಪರಂಗಿ’ ಎಂದೂ ಸಲಹೆ ಬಂದಿದೆ. ಮಕ್ಕಳು ಹಣ್ಣನ್ನು ನೆನೆಯುತ್ತಾರೆ, ಬೇಡ.)

ಇನ್ನೊಂದು ಸಿಕ್ಕು: ಮನೆಯೊಳಗೂ ಏಕವಚನವೇ. ‘ಅಮ್ಮ ಹೇಳಿದಳು’, ‘ತಾತ ನಕ್ಕ’ ಎಂಬುದು ಸಲಿಗೆ. ಅಂಗಳ ದಾಟಿದರೆ ಅದೇ ಪ್ರತ್ಯಯ ಅವಮಾನ. ವಿವರಣೆ ಕೊಡದೆ ಎರಡನ್ನೂ ಒಂದೇ ಪುಟದಲ್ಲಿಟ್ಟರೆ ಎಳೆಯ ಓದುಗರು ಬೇರೆ ಮಾಡಿಕೊಳ್ಳುತ್ತಾರೆಯೇ, ಅಥವಾ ನಿರೂಪಣೆಯಲ್ಲಿ ತಾತನಿಗೆ ಬಹುವಚನ ಕೊಟ್ಟುಬಿಡಲೇ? ಬಹುವಚನ ಕೊಟ್ಟರೆ ಸಲಿಗೆ ಹೋಗುತ್ತದೆ, ತಾತ ಭಾಷಣಕಾರರಂತೆ ಕಾಣುತ್ತಾರೆ.

ಹಾಸನ, ಮಲೆನಾಡು, ಕರಾವಳಿ, ಬಳ್ಳಾರಿ ಕಡೆಯವರು ದಯವಿಟ್ಟು ತಿಳಿಸಿ: ಜಮೀನುದಾರರ ಮನೆಯ ಚಿಕ್ಕ ಹುಡುಗರು ವಯಸ್ಸಾದ ಆಳನ್ನು ಹೇಗೆ ಕರೆಯುತ್ತಿದ್ದರು, ಅವರು ಏನೆಂದು ಓಗೊಡುತ್ತಿದ್ದರು? ಕೇಳಿದ್ದ ಮಾತನ್ನು ಕ್ರಿಯಾಪದದ ಸಮೇತ, ಊರಿನ ಹೆಸರಿನೊಡನೆ ಬರೆದರೆ ಉಪಕಾರವಾಗುತ್ತದೆ.