ಪೀಪಾಯಿಯ ಏಲ್ ಎಲ್ಲಿಂದ ಆರಂಭಿಸಲಿ? ಕುಡಿದು ತಿಳಿದವರು ಹೇಳಿ

ಪ್ರಶ್ನೆ, ಲೀಡ್ಸ್‌ನಿಂದ

ದಾವಣಗೆರೆಯವನು. ಹತ್ತು ವರ್ಷ ಬೆಂಗಳೂರಿನಲ್ಲಿ ದುಡಿದು ಈ ಸೆಪ್ಟೆಂಬರ್‌ನಲ್ಲಿ ಲೀಡ್ಸ್‌ಗೆ ಬಂದಿದ್ದೇನೆ. ಬಿಯರ್ ಎಂದರೆ ನನಗೆ ಇದುವರೆಗೆ ಬಾಟಲಿಯ ಮೈಯೆಲ್ಲ ಬೆವರಿಳಿಯುವಷ್ಟು ತಣ್ಣಗಿನ ಲಾಗರ್. ಅಪರೂಪಕ್ಕೆ ಇಂದಿರಾನಗರದ ಟಾಯ್ಟ್‌ನಲ್ಲಿ ಒಂದು ಲೋಟ ಗೋಧಿ ಬಿಯರ್. ಕಳೆದ ವಾರ ಕಚೇರಿಯ ಹಿರಿಯರೊಬ್ಬರು ಪಬ್‌ಗೆ ಕರೆದೊಯ್ದು, ಹ್ಯಾಂಡ್ ಪಂಪ್ ಎಳೆದು ತುಂಬಿಸಿದ ಒಂದು ಪಿಂಟ್ ಬಿಟರ್, ಅಂದರೆ ಇಲ್ಲಿನ ಕಹಿ ರುಚಿಯ ಏಲ್ ಬಿಯರ್ ಕೊಡಿಸಿದರು. ಬೆಚ್ಚಗಿತ್ತು, ಗ್ಯಾಸ್ ಇರಲಿಲ್ಲ, ನುಂಗಿದ ಮೇಲೆ ನಾಲಗೆಯಲ್ಲಿ ಹುಳಿ ಉಳಿಯಿತು. ಅರ್ಧ ಬಿಟ್ಟೆ. ಅವರು ಬೇಸರಿಸಿಕೊಳ್ಳದೆ, ‘ತಪ್ಪು ಬಿಯರ್‌ನದಲ್ಲ, ಈ ಪೀಪಾಯಿಯದು’ ಎಂದರು. ಆ ಮಾತು ತಲೆಯಲ್ಲಿ ಕೂತಿದೆ.

ಎಲ್ಲಿಂದ, ಯಾವುದರಿಂದ ಆರಂಭಿಸಲಿ? ನನ್ನ ಹೆಂಡತಿ ಸಸ್ಯಾಹಾರಿ. ಇಲ್ಲಿನ ಬಿಯರ್‌ಗೆ ಮೀನು ಬಳಸುತ್ತಾರೆ ಎಂದು ಯಾರೋ ಹೇಳಿದ್ದಾರೆ, ಅದು ನಿಜವೇ? ಡಿಸೆಂಬರ್‌ನಲ್ಲಿ ತಮ್ಮ ಬರುತ್ತಾನೆ, ಬೆಲ್ಜಿಯಂ ಮತ್ತು ಜರ್ಮನಿಗೆ ಒಂದು ವಾರ ಹೋಗುತ್ತೇವೆ. ಊರಿನಲ್ಲಿ ಊಹಿಸಲೂ ಆಗದಂತಹ ಬಿಯರ್ ಎಲ್ಲಿ ಸಿಗುತ್ತದೆ ಎಂದು ಅವನು ಕೇಳುತ್ತಿದ್ದಾನೆ.

ಶೆಫೀಲ್ಡ್‌ನಿಂದ

ನಿಮ್ಮ ಹಿರಿಯರು ಸರಿಯಾಗಿಯೇ ಹೇಳಿದ್ದಾರೆ. ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು, ಮೊದಲ ಚಳಿಗಾಲದಲ್ಲಿ ನಾನೂ ಅರ್ಧ ಬಿಟ್ಟು ಎದ್ದಿದ್ದೇನೆ. ಈಗ ಯಾವ ಹೊಸ ಊರಿಗೆ ಹೋದರೂ ಕಣ್ಣು ಮೊದಲು ಹ್ಯಾಂಡ್ ಪಂಪ್ ಹುಡುಕುತ್ತದೆ.

ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟನ್ನು ನೆನಪಿಸಿಕೊಳ್ಳಿ. ಉಬ್ಬುವ ಮೊದಲೇ ಹೊಯ್ದರೆ ಸಪ್ಪೆ, ಮರುದಿನಕ್ಕೆ ಉಳಿದರೆ ಹುಳಿ. ನಡುವೆ ಅದಕ್ಕೊಂದು ಹದದ ಹೊತ್ತಿದೆ. ಪೀಪಾಯಿಯ ಏಲ್ ಕೂಡ ಹಾಗೆಯೇ. ಕೆಗ್ ಎಂಬ ಮುಚ್ಚಿದ ಲೋಹದ ಪಾತ್ರೆಯಲ್ಲಿ ಬರುವ ಸಾಮಾನ್ಯ ಲಾಗರ್ ಕಾರ್ಖಾನೆಯಲ್ಲಿಯೇ ಸೋಸಿ, ಎಲ್ಲ ಕೆಲಸ ಮುಗಿಸಿಕೊಂಡು ಬರುತ್ತದೆ. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಬದುಕಿರುತ್ತದೆ. ಪಬ್‌ನ ನೆಲಮಾಳಿಗೆಯಲ್ಲಿ ಎರಡನೆಯ ಸಲ ಹುದುಗಿ ತನಗೆ ಬೇಕಾದ ಗ್ಯಾಸನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಹೊರಗಿನಿಂದ ಏನೂ ತುಂಬುವುದಿಲ್ಲ. ರಿಯಲ್ ಏಲ್ ಎಂದರೆ ಇಷ್ಟೇ. ಪೀಪಾಯಿಯನ್ನು ಮಲಗಿಸಿ, ಮೇಲಿನ ತೂತಿಗೆ ಗಾಳಿಯಾಡುವ ಮೆತ್ತನೆಯ ಮರದ ಬೆಣೆ ಹೊಡೆದು, ಹೆಚ್ಚಿನ ಗ್ಯಾಸ್ ಹೋಗುವವರೆಗೆ, ಗಸಿ ತಳಕ್ಕೆ ಇಳಿಯುವವರೆಗೆ ಕಾಯುತ್ತಾರೆ. ಹೀಗೆ ಕಾಯುವುದನ್ನು ಬಲ್ಲವನೇ ಒಳ್ಳೆಯ ಪಬ್ ನಡೆಸುವವನು.

ಒಮ್ಮೆ ಬಡಿಸಲು ಆರಂಭಿಸಿದರೆ ಬಿಯರ್ ಹೊರಬಂದಷ್ಟೂ ಗಾಳಿ ಒಳಗೆ ಸೇರುತ್ತದೆ, ಮೂರು ದಿನದೊಳಗೆ ಪೀಪಾಯಿ ಖಾಲಿಯಾಗಬೇಕು. ಸಾಮಾನ್ಯವಾಗಿ ಬಳಸುವ ಫರ್ಕಿನ್ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪಿಂಟ್ ಇರುತ್ತದೆ. ಗಿರಾಕಿಗಳೇ ಇಲ್ಲದ ಪಬ್‌ನಲ್ಲಿ ಎಂಟು ಪಂಪ್ ಸಾಲಾಗಿ ನಿಂತಿದ್ದರೆ ಅಲ್ಲಿಂದ ಹೊರಡಿ. ನಿಮಗೆ ಸಿಕ್ಕ ಹುಳಿ ಬಿಟರ್‌ನ ಗುಣವಲ್ಲ, ವಿನೆಗರ್‌ಗೆ ತಿರುಗುತ್ತಿದ್ದ ಐದಾರು ದಿನದ ಪೀಪಾಯಿ ಅದು. ನೆಲಮಾಳಿಗೆಯ ಉಷ್ಣಾಂಶ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ರಿಜ್‌ನಷ್ಟು ತಣ್ಣಗಲ್ಲ, ಮಡಿಕೆಯ ನೀರಿನಂತೆ ತಂಪು. ಬೆಚ್ಚಗಿತ್ತು ಎಂದರೆ ಅದೂ ಆ ಪಬ್‌ನ ಲೋಪವೇ.

ಆದ್ದರಿಂದ ಬ್ರ್ಯಾಂಡ್‌ಗಿಂತ ಮೊದಲು ಪಬ್ ಆರಿಸಿ. ಗುರುವಾರ, ಶುಕ್ರವಾರದ ಸಂಜೆ ಜನ ತುಂಬಿರುವ ಕಡೆಗೆ ಹೋಗಿ. ಕೊಳ್ಳುವ ಮೊದಲು ಒಂದು ಗುಟುಕು ರುಚಿ ನೋಡಲು ಕೇಳಿ, ಸಂಕೋಚ ಬೇಡ. ಪಿಂಟ್ ಎಂದರೆ 568 ಮಿಲಿ ಲೀಟರ್. ಪಿಂಟ್‌ನ ಮೂರನೇ ಒಂದು ಭಾಗದ ಸಣ್ಣ ಲೋಟವೂ ಅನೇಕ ಕಡೆ ಸಿಗುತ್ತದೆ, ಕಲಿಯುವವರಿಗೆ ಅದೇ ಸರಿ. ಹುಳಿ ಬಂದಿದ್ದರೆ ಮೆಲ್ಲಗೆ ಹೇಳಿ ಲೋಟ ಹಿಂದಿರುಗಿಸಿ, ಬದಲಿಸಿಕೊಡುತ್ತಾರೆ.

ಲೀಡ್ಸ್‌ನಲ್ಲಿದ್ದೀರಿ, ಹಾಗಾಗಿ ಮೊದಲ ಹೆಸರು ಟಿಮೊಥಿ ಟೇಲರ್ ಅವರ ಲ್ಯಾಂಡ್‌ಲಾರ್ಡ್. ಪೀಪಾಯಿಯದರಲ್ಲಿ ಮದ್ಯಸಾರ ಶೇ. 4.3. 1858ರಲ್ಲಿ ಆರಂಭವಾದ ಈ ಬ್ರೂವರಿ ಇರುವ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೇ ಬರೆದಿರಲಿ, ಜನ ಕರೆಯುವುದು ಕೀತ್ಲಿ ಎಂದು. ಲೀಡ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲಪುತ್ತೀರಿ. ಬೋಲ್ಟ್‌ಮೇಕರ್ಸ್ ಆರ್ಮ್ಸ್ ಎಂಬ ಪುಟ್ಟ ಪಬ್‌ನಲ್ಲಿ ಕೂತು ಅದನ್ನು ಕುಡಿಯಿರಿ. ಮೊದಲು ಬಿಸ್ಕತ್ತಿನಂತಹ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಆಮೇಲೆ ಕಿತ್ತಳೆ ಸಿಪ್ಪೆಯ ಕಹಿ, ಕೊನೆಗೆ ನಾಲಗೆ ಒಣಗಿ ಮತ್ತೊಂದು ಗುಟುಕು ಬೇಕೆನ್ನಿಸುತ್ತದೆ. ಬ್ರಿಟನ್ನಿನ ಅತ್ಯುತ್ತಮ ಬಿಯರ್ ಎಂಬ ಕ್ಯಾಮ್ರಾ ಪ್ರಶಸ್ತಿ ಇದಕ್ಕೆ ನಾಲ್ಕು ಸಲ ಬಂದಿದೆ. (ಕ್ಯಾಮ್ರಾ ಎಂದರೆ 1971ರಲ್ಲಿ ನಾಲ್ವರು ಗೆಳೆಯರು ಹುಟ್ಟುಹಾಕಿದ, ಕುಡಿಯುವವರದೇ ಸಂಘಟನೆ. ಎಲ್ಲ ಪಬ್‌ಗಳೂ ಕೆಗ್‌ಗೆ ತಿರುಗುತ್ತಿದ್ದ ಕಾಲದಲ್ಲಿ ಅವರು ಜಗಳವಾಡದಿದ್ದರೆ ಈ ಮಾತುಕತೆಯೇ ಇರುತ್ತಿರಲಿಲ್ಲ. ನನಗೆ ಅವರ ಬಗ್ಗೆ ನಿಜವಾದ ಕೃತಜ್ಞತೆಯಿದೆ.)

ಅದು ಹಿಡಿಸಿದ ಮೇಲೆ ಮ್ಯಾಶಮ್ ಎಂಬ ಊರಿನ ಥೀಕ್‌ಸ್ಟನ್ ಓಲ್ಡ್ ಪೆಕ್ಯೂಲಿಯರ್, ಶೇ. 5.6. ಕಪ್ಪು ಮಿಶ್ರಿತ ಕೆಂಪು ಬಣ್ಣ. ಒಣದ್ರಾಕ್ಷಿ, ಬೆಲ್ಲದ ಪಾಕ ನೆನಪಾಗುತ್ತದೆ. ಮಳೆಯ ಸಂಜೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಒಂದು ಶನಿವಾರ ಲೀಡ್ಸ್‌ನಿಂದ ಮ್ಯಾಂಚೆಸ್ಟರ್ ಕಡೆಯ ರೈಲು ಹಿಡಿಯಿರಿ. ಡ್ಯೂಸ್ಬರಿ, ಹಡರ್ಸ್‌ಫೀಲ್ಡ್, ಸ್ಟೇಲಿಬ್ರಿಜ್ ಮೂರರಲ್ಲೂ ನಿಲ್ದಾಣದ ಕಟ್ಟಡದಲ್ಲಿಯೇ ಒಳ್ಳೆಯ ಪಬ್‌ಗಳಿವೆ. ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೊರಡಿ, ಒಂದೊಂದು ಕಡೆ ಅರ್ಧ ಪಿಂಟ್ ಸಾಕು.

ಬ್ರಿಸ್ಟಲ್‌ನಿಂದ

ಮೀನಿನ ವಿಷಯ ನಿಜ. ನಾನೂ ಸಸ್ಯಾಹಾರಿ, ಗೊತ್ತಿಲ್ಲದೆ ಎರಡು ವರ್ಷ ಕುಡಿದೆ. ತಿಳಿದ ದಿನ ತುಂಬಾ ಸಂಕಟವಾಯಿತು. ಐಸಿಂಗ್ಲಾಸ್ ಎಂಬುದು ಮೀನಿನ ಗಾಳಿಚೀಲವನ್ನು ಒಣಗಿಸಿ ಮಾಡಿದ ಅಂಟು. ಅದನ್ನು ಪೀಪಾಯಿಗೆ ಬೆರೆಸಿದರೆ ತೇಲುವ ಯೀಸ್ಟನ್ನು ಹಿಡಿದು ತಳಕ್ಕೆ ಎಳೆಯುತ್ತದೆ, ಬಿಯರ್ ತಿಳಿಯಾಗುತ್ತದೆ. ಹೆಚ್ಚುಕಡಿಮೆ ಎಲ್ಲವೂ ಗಸಿಯೊಂದಿಗೇ ಉಳಿಯುತ್ತದೆ ನಿಜ, ಆದರೆ ಮನಸ್ಸು ಒಪ್ಪಬೇಕಲ್ಲ.

ನಿಮ್ಮ ಮನೆಯವರಿಗೆ ಎರಡು ಮಾತು ಹೇಳಿಕೊಡಿ: ‘ಅನ್‌ಫೈನ್ಡ್’ ಮತ್ತು ‘ವೀಗನ್’. ಪಂಪ್‌ನ ಬಿಲ್ಲೆಯ ಮೇಲೆ ಈ ಪದವಿದ್ದರೆ ಮೀನಿನ ಅಂಟು ಇಲ್ಲ. ಇಲ್ಲದಿದ್ದರೆ ಕೌಂಟರ್‌ನಲ್ಲಿ ಕೇಳಲಿ. ಬಿಯರ್ ಸ್ವಲ್ಪ ಮಬ್ಬಾಗಿರುತ್ತದೆ, ಕೆಟ್ಟಿದೆ ಎಂದುಕೊಳ್ಳುವುದು ಬೇಡ. ಐರ್ಲೆಂಡಿನ ಕಪ್ಪು ಬಿಯರ್ ಗಿನ್ನೆಸ್ ಕೂಡ ಐಸಿಂಗ್ಲಾಸ್ ಬಿಟ್ಟಿದೆ. ಮಿಲ್ಕ್ ಸ್ಟೌಟ್ ಎಂಬ ಕಪ್ಪು ಬಿಯರ್‌ನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇರುತ್ತದೆ. ಹಾಲು ಬಳಸುವ ನಮ್ಮಂತಹವರಿಗೆ ಅಡ್ಡಿಯಿಲ್ಲ, ಆದರೆ ಅದರ ಮೇಲೆ ವೀಗನ್ ಎಂದು ಬರೆದಿರುವುದಿಲ್ಲ.

ಲಂಡನ್‌ನಿಂದ

ಶೆಫೀಲ್ಡ್‌ನವರ ಎಲ್ಲ ಮಾತಿಗೂ ನನ್ನ ಸಹಮತವಿದೆ, ಆದರೆ ಅವರು ನಲ್ಲಿಯ ತುದಿಗೆ ಸಿಕ್ಕಿಸುವ ಸ್ಪಾರ್ಕ್ಲರ್ ಬಗ್ಗೆ ಹೇಳಲಿಲ್ಲ. ಸಣ್ಣ ತೂತುಗಳ ಆ ಬಿಲ್ಲೆಯಿಂದ ಉತ್ತರದವರು ದಪ್ಪ ನೊರೆ ಬರಿಸುತ್ತಾರೆ. ಆ ನೊರೆಗಾಗಿ ಬಿಯರ್‌ನೊಳಗಿನ ಗ್ಯಾಸ್ ಖರ್ಚಾಗುತ್ತದೆ, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಪರಿಮಳ ಮಂಕಾಗುತ್ತದೆ. ‘ಗ್ಯಾಸ್ ಇಲ್ಲ’ ಎನ್ನುವವರು ಮೊದಲು ಅದನ್ನು ತೆಗೆಸಿ ಕುಡಿಯಬೇಕು. ದಕ್ಷಿಣಕ್ಕೆ ಬಂದರೆ ಲೂಯಿಸ್ ಪಟ್ಟಣದ ಹಾರ್ವೀಸ್ ಸಸೆಕ್ಸ್ ಬೆಸ್ಟ್ ಕುಡಿಯಿರಿ, ಶೇ. 4, ಬೆಸ್ಟ್ ಬಿಟರ್ ಎಂದರೆ ಏನೆಂದು ಒಂದೇ ಲೋಟದಲ್ಲಿ ತಿಳಿಯುತ್ತದೆ. ಚಿಸಿಕ್‌ನ ಫುಲ್ಲರ್ಸ್ ಬ್ರೂವರಿ 2019ರಲ್ಲಿ ಜಪಾನಿನ ಅಸಾಹಿ ಕೈಗೆ ಹೋಯಿತು, ನನಗೆ ಆ ನೋವಿದೆ. ಆದರೂ ಅವರ ಇಎಸ್‌ಬಿ ಎಂಬ ಬಿಟರ್ ಬಿಡಬೇಡಿ.

ಊಟದ ಬಗ್ಗೆ ಯಾರೂ ಹೇಳಿಲ್ಲ. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್‌ನ ಕಹಿ ಮೆಣಸಿನಕಾಯಿಯ ಖಾರವನ್ನು ಕೆರಳಿಸುತ್ತದೆ. ನಮ್ಮ ಕೋಳಿ ಸಾರಿಗೆ, ನಿಮ್ಮ ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿಗೆ ಕಹಿ ಕಡಿಮೆಯಿರುವ, ಮಾಲ್ಟ್‌ನ ಸಿಹಿಯಿರುವ ಮೈಲ್ಡ್ ಅಥವಾ ಬ್ರೌನ್ ಏಲ್ ಹೊಂದುತ್ತದೆ. ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ.

ಶೆಫೀಲ್ಡ್‌ನಿಂದ, ಮತ್ತೆ

ಸ್ಪಾರ್ಕ್ಲರ್ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಲ್ಯಾಂಡ್‌ಲಾರ್ಡ್‌ನಂತಹ ಯಾರ್ಕ್‌ಷೈರ್ ಬಿಟರ್‌ನ ಮಾಲ್ಟ್ ದುಂಡಗಾಗುವುದು ಆ ನೊರೆಯಿಂದಲೇ. ಹಾಪ್ಸ್ ಪರಿಮಳವೇ ಮುಖ್ಯವಾದ ಹೊಸ ಬಗೆಯ, ತಿಳಿ ಬಣ್ಣದ ಪೇಲ್ ಏಲ್‌ಗಳಿಗೆ ಬೇಡ, ಅಷ್ಟನ್ನು ಒಪ್ಪುತ್ತೇನೆ.

ಬೆಂಗಳೂರಿನಿಂದ

ಮೈಕ್ರೋಬ್ರೂವರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಾವು ತಯಾರಿಸುವುದನ್ನೆಲ್ಲ ತಣ್ಣಗೆ ಬಡಿಸುತ್ತೇವೆ, ಗಿರಾಕಿ ಕೇಳುವುದೂ ಅದನ್ನೇ. ಹಾಗಾಗಿ ಅಲ್ಲಿರುವವರ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಸಾಧ್ಯವಾದರೆ ಬರ್ಟನ್ ಅಪಾನ್ ಟ್ರೆಂಟ್ ಎಂಬ ಇಂಗ್ಲೆಂಡಿನ ಬಿಯರ್ ಪಟ್ಟಣ ನೋಡಿ ಬನ್ನಿ. ಐಪಿಎ ಹೆಸರಿನಲ್ಲಿರುವ ಇಂಡಿಯಾ ನಮ್ಮದೇ: ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್‌ನ ಹಾಡ್ಜ್‌ಸನ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇಲ್ಲಿಗೆ ಪೇಲ್ ಏಲ್ ಕಳುಹಿಸುತ್ತಿದ್ದ. 1820ರ ದಶಕದಲ್ಲಿ ಬರ್ಟನ್‌ನ ಆಲ್‌ಸಾಪ್, ಬಾಸ್ ಕಂಪನಿಗಳು ಆ ವ್ಯಾಪಾರಕ್ಕೆ ಇಳಿದು ಅವನನ್ನು ಹಿಂದಿಕ್ಕಿದವು. ಗೆಲ್ಲಿಸಿದ್ದರಲ್ಲಿ ನೀರಿನ ಪಾಲು ದೊಡ್ಡದು. ಗಡಸು ನೀರು ಎಂದರೆ ನಮಗೆ ಬೋರ್‌ವೆಲ್ಲಿನ ತಾಪತ್ರಯ ಮಾತ್ರ ನೆನಪಾಗುತ್ತದೆ. ಬರ್ಟನ್‌ನ ಬಾವಿಗಳಲ್ಲಿ ಕರಗಿದ ಜಿಪ್ಸಂ ಹಾಪ್ಸ್‌ನ ಕಹಿಯನ್ನು ಹರಿತವಾಗಿಸುತ್ತದೆ. ನಾನು ಐಪಿಎ ಮಾಡುವ ದಿನ ನೀರಿಗೆ ಇವತ್ತಿಗೂ ಜಿಪ್ಸಂ ಹಾಕುತ್ತೇನೆ.

ಬರ್ಟನ್ ಯೂನಿಯನ್ ಎಂಬ ಹಳೆಯ ವ್ಯವಸ್ಥೆಯೊಂದಿತ್ತು: ಸಾಲು ಸಾಲು ಮರದ ಪೀಪಾಯಿಗಳಲ್ಲಿ ಹುದುಗುವ ಬಿಯರ್ ಕೊಳವೆಯ ಮೂಲಕ ಮೇಲಿನ ತೊಟ್ಟಿಗೆ ಉಕ್ಕಿ, ಯೀಸ್ಟ್ ಅಲ್ಲಿ ಉಳಿದು, ಬಿಯರ್ ಕೆಳಗೆ ಮರಳುತ್ತಿತ್ತು. ಮಾರ್ಸ್‌ಟನ್ಸ್ ಬ್ರೂವರಿಯಲ್ಲಿ ಉಳಿದಿದ್ದ ಆ ಸಾಲುಗಳಿಗೆ 2024ರಲ್ಲಿ ನಿವೃತ್ತಿ ಕೊಟ್ಟಾಗ, ಒಂದು ಸಾಲನ್ನು ಡರ್ಬಿಷೈರ್‌ನ ಥಾರ್ನ್‌ಬ್ರಿಜ್ ಬ್ರೂವರಿ ಪಡೆದುಕೊಂಡು ಮತ್ತೆ ಕೆಲಸಕ್ಕೆ ಹಚ್ಚಿತು. ಸುದ್ದಿ ಓದಿದ ದಿನ ನನ್ನ ಕಣ್ಣು ತುಂಬಿತ್ತು. ಅದೇ ಥಾರ್ನ್‌ಬ್ರಿಜ್‌ನ ಐಪಿಎ ಹೆಸರು ಜೈಪುರ್, ಶೇ. 5.9. ಪೀಪಾಯಿಯದ್ದು ಸಿಕ್ಕರೆ ನನ್ನ ಪರವಾಗಿ ಒಂದು ಲೋಟ ಕುಡಿಯಿರಿ.

ಗ್ಲಾಸ್ಗೋದಿಂದ

ತಮ್ಮನನ್ನು ಇತ್ತ ಕರೆತಂದರೆ ಫ್ರೋಖ್ ಕೊಡಿಸಿ. ಹಾಪ್ಸ್ ಜೊತೆಗೆ ಹೆದರ್ ಎಂಬ ಬೆಟ್ಟದ ಹೂವು ಹಾಕಿ ಅಲೋವಾದ ವಿಲಿಯಮ್ಸ್ ಬ್ರದರ್ಸ್ ತಯಾರಿಸುತ್ತಾರೆ; ಜೇನಿನ ವಾಸನೆ, ಸಿಹಿ ಇಲ್ಲ. ಕಾರಿನಲ್ಲಿ ಬರುವುದಾದರೆ ನೆನಪಿರಲಿ, ರಕ್ತದಲ್ಲಿನ ಮದ್ಯದ ಮಿತಿ ಇಂಗ್ಲೆಂಡ್‌ನಲ್ಲಿ 100 ಮಿಲಿ ಲೀಟರ್‌ಗೆ 80 ಮಿಲಿ ಗ್ರಾಂ, ಸ್ಕಾಟ್ಲೆಂಡ್‌ನಲ್ಲಿ 2014ರಿಂದ 50. ರೈಲಿನಲ್ಲಿಯೇ ಬನ್ನಿ.

ಲ್ಯೂವೆನ್‌ನಿಂದ

ಬೆಲ್ಜಿಯಂ ಎಂದರೆ ಎಲ್ಲರೂ ಟ್ರ್ಯಾಪಿಸ್ಟ್ ಎಂಬ ಕ್ರೈಸ್ತ ಮಠಗಳ ಬಿಯರ್ ಹೇಳುತ್ತಾರೆ, ಅವುಗಳಲ್ಲಿ ಓರ್ವಾಲ್ ನನಗೂ ಇಷ್ಟ. ಆದರೆ ‘ಊಹಿಸಲೂ ಆಗದ್ದು’ ಬೇಕೆಂದರೆ ಲ್ಯಾಂಬಿಕ್. ಬ್ರಸೆಲ್ಸ್‌ನಲ್ಲಿ ರೈಲು ಇಳಿಯುವ ಮಿಡಿ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿ ಕಾಂಟಿಯೋಂ ಬ್ರೂವರಿ ಇದೆ, 1900ರಿಂದ. ಅವರು ಬಿಯರ್‌ಗೆ ಯೀಸ್ಟ್ ಹಾಕುವುದೇ ಇಲ್ಲ. ಕುದಿಸಿದ ಧಾನ್ಯದ ರಸವನ್ನು ಅಟ್ಟದ ಮೇಲಿನ ಅಗಲವಾದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳು ತಾವಾಗಿ ಬಂದು ಸೇರುತ್ತವೆ. ಈಚಲು ಮರಕ್ಕೆ ಕಟ್ಟಿದ ಮಡಿಕೆಯ ರಸ ತಾನೇ ಹುದುಗಿ ಸೇಂದಿಯಾಗುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ವ್ಯತ್ಯಾಸ ಕಾಲದ್ದು: ಸೇಂದಿಗೆ ಒಂದು ದಿನ, ಲ್ಯಾಂಬಿಕ್‌ಗೆ ಮರದ ಪೀಪಾಯಿಯಲ್ಲಿ ಮೂರು ವರ್ಷದವರೆಗೆ. ಬೇಸಿಗೆಯಲ್ಲಿ ಬೇಡದ ಜೀವಿಗಳು ಹೆಚ್ಚುವುದರಿಂದ ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಕುದಿಸುತ್ತಾರೆ, ನೀವು ಸರಿಯಾದ ಕಾಲಕ್ಕೇ ಬರುತ್ತಿದ್ದೀರಿ.

ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ಬಾಟಲಿಗೆ ತುಂಬಿದರೆ ಗ್ಯೂಜ್. ಹುಳಿ ಚೆರ್ರಿ ನೆನೆಸಿದರೆ ಕ್ರೀಕ್. ಮೊದಲ ಗುಟುಕಿಗೆ ಮುಖ ಕಿವುಚುತ್ತದೆ. ಅಲ್ಲಿ ನಿಲ್ಲಬೇಡಿ, ನಾಲ್ಕನೆಯ ಗುಟುಕಿನ ಹೊತ್ತಿಗೆ ನಿಂಬೆಸಿಪ್ಪೆ, ಹಳೆಯ ಮರ, ಒದ್ದೆ ಹುಲ್ಲು ಎಲ್ಲ ಬೇರೆಬೇರೆಯಾಗಿ ಕಾಣಿಸತೊಡಗುತ್ತದೆ. ಮೀನಿನ ಅಂಟು ಇಲ್ಲವೆಂದು ಕೇಳಿ ಖಚಿತಪಡಿಸಿಕೊಂಡರೆ ಅತ್ತಿಗೆಯವರೂ ಕುಡಿಯಬಹುದು.

ಎರ್ಲಾಂಗೆನ್‌ನಿಂದ

ಜರ್ಮನಿಯಲ್ಲಿ ಬಾಂಬರ್ಗ್‌ಗೆ ಬನ್ನಿ, ಮ್ಯೂನಿಕ್ ಮುಂದಿನ ವರ್ಷಕ್ಕಿರಲಿ. ಅಲ್ಲಿನ ಶ್ಲೆಂಕರ್ಲಾ ಬ್ರೂವರಿಯಲ್ಲಿ ಮೊಳಕೆ ಬಾರ್ಲಿಯನ್ನು ಬೀಚ್ ಮರದ ಸೌದೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಲೋಟ ಬಾಯಿಯ ಹತ್ತಿರ ಬರುವಾಗಲೇ ಸೌದೆ ಒಲೆಯಿದ್ದ ಅಜ್ಜಿಯ ಅಡುಗೆಮನೆ ನೆನಪಾಗುತ್ತದೆ. ನನಗೆ ಆ ದಿನ ಮಾತೇ ಹೊರಡಲಿಲ್ಲ. ಮೂರನೆಯ ಲೋಟಕ್ಕೆ ರುಚಿ ಹತ್ತುತ್ತದೆ ಎಂದು ಅಲ್ಲಿಯವರು ಹೇಳುತ್ತಾರೆ, ನನಗೆ ಮೊದಲನೆಯದಕ್ಕೇ ಹತ್ತಿತು. ಅವರ ಮ್ಯಾರ್ಟ್ಸನ್ ಎಂಬ ಬಿಯರ್ ಶೇ. 5.1. ಡಿಸೆಂಬರ್‌ನಲ್ಲಿ ಓಕ್ ಮರದ ಹೊಗೆಯ, ಶೇ. 8ರ ಡಾಪಲ್‌ಬಾಕ್ ಎಂಬ ಬಿಯರ್ ಸಿಗುತ್ತದೆ, ಅದನ್ನು ಅರ್ಧ ಲೀಟರ್‌ಗಿಂತ ಹೆಚ್ಚು ಕುಡಿಯಬೇಡಿ.

ದಿನ ಉಳಿದರೆ ಲೈಪ್‌ಜಿಗ್‌ನ ಗೋಜೆ. ಗೋಧಿ ಬಿಯರ್‌ಗೆ ಕೊತ್ತಂಬರಿ ಬೀಜ, ಉಪ್ಪು, ಸಣ್ಣ ಹುಳಿ. ನೀರುಮಜ್ಜಿಗೆ ಕುಡಿದು ಬೆಳೆದ ನಾಲಗೆಗೆ ಅದು ಹೊಸದಲ್ಲ.

ಲೀಡ್ಸ್‌ನಿಂದ, ಎರಡು ವಾರದ ನಂತರ

ಶುಕ್ರವಾರ ಸಂಜೆ ಹೆಂಡತಿಯೊಂದಿಗೆ ಕೀತ್ಲಿಗೆ ಹೋಗಿದ್ದೆ, ಕಚೇರಿಯ ಹಿರಿಯರೂ ಬಂದಿದ್ದರು. ಬೋಲ್ಟ್‌ಮೇಕರ್ಸ್‌ನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಲ್ಯಾಂಡ್‌ಲಾರ್ಡ್ ತಂಪಾಗಿತ್ತು, ಹುಳಿಯ ಸುಳಿವೇ ಇರಲಿಲ್ಲ. ಕಿತ್ತಳೆ ಸಿಪ್ಪೆಯ ಕಹಿ ನನಗೂ ಸಿಕ್ಕಿತು. ಗ್ಯಾಸ್ ಇಲ್ಲವೆಂದು ನಾನು ತಿಳಿದದ್ದು ತಪ್ಪು, ಅದು ನಾಲಗೆಯನ್ನು ಚುಚ್ಚದಷ್ಟು ಸಣ್ಣಗೆ ಇರುತ್ತದೆ. ಪೂರ್ತಿ ಪಿಂಟ್ ಮುಗಿಸಿದೆ. ಲೀಡ್ಸ್‌ಗೆ ಮರಳಿ, ಕೌಂಟರ್‌ನಲ್ಲಿ ‘ಅನ್‌ಫೈನ್ಡ್ ಇದೆಯೇ’ ಎಂದು ನನ್ನಾಕೆಯೇ ಕೇಳಿ ಮಬ್ಬು ಬಣ್ಣದ ಪೇಲ್ ಏಲ್ ಪಡೆದಳು, ಅವಳಿಗೆ ಅದು ಹಿಡಿಸಿತು.

ನನ್ನ ತಮ್ಮ ಮ್ಯೂನಿಕ್ ಟಿಕೆಟ್ ರದ್ದು ಮಾಡಿ ಬ್ರಸೆಲ್ಸ್ ಮತ್ತು ಬಾಂಬರ್ಗ್ ಹಿಡಿದಿದ್ದಾನೆ. ಎರ್ಲಾಂಗೆನ್‌ನವರೇ, 19ರ ಸಂಜೆ ಬಾಂಬರ್ಗ್‌ನಲ್ಲಿರುತ್ತೇವೆ. ನೀವೂ ಬರುವುದಾದರೆ ತಿಳಿಸಿ, ಊರಿನಿಂದ ತಮ್ಮ ತರುವ ಮಂಡಕ್ಕಿಯಲ್ಲಿ ನಿಮ್ಮ ಪಾಲು ತೆಗೆದಿಡುತ್ತೇನೆ.