ಊರಿಗೆ ಊರೇ ತಾನಾಗಿ ಬಾಗಿಲು ಹಾಕಿಕೊಂಡರೆ ಏನನ್ನಬೇಕು?

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಈಮ್ ಎಂಬ ಹಳ್ಳಿಯ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಕೂತಿದ್ದೇನೆ. (ಇಂಗ್ಲಿಷ್ ಕಾಗುಣಿತ ನೋಡಿ ‘ಏಯಂ’ ಅಂತ ಓದಬೇಡಿ, ಅಲ್ಲಿನವರು ಹೇಳೋದು ‘ಈಮ್’ ಅಂತಲೇ.)

1665ರಲ್ಲಿ ಲಂಡನ್ನಿನಿಂದ ಇಲ್ಲಿನ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು. ಅದರಲ್ಲಿ ಪ್ಲೇಗಿನ ಚಿಗಟಗಳಿದ್ದವು ಅಂತಾರೆ. ಬಟ್ಟೆ ಒದ್ದೆಯಾಗಿತ್ತು, ಅದನ್ನು ಬೆಂಕಿಯ ಮುಂದೆ ಹರಡಿದ ಕೆಲಸಗಾರ ಜಾರ್ಜ್ ವಿಕರ್ಸ್ ಕೆಲವೇ ದಿನಗಳಲ್ಲಿ ಸತ್ತ. ಮರುವರ್ಷ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಇಬ್ಬರೂ ಸೇರಿ ಜನರನ್ನು ಒಪ್ಪಿಸಿದರು. ರೋಗ ಅಕ್ಕಪಕ್ಕದ ಊರಿಗೆ ಹೋಗಬಾರದು, ಹಾಗಾಗಿ ಯಾರೂ ಊರು ದಾಟಬಾರದು. ನವೆಂಬರ್ ಹೊತ್ತಿಗೆ ಸುಮಾರು 260 ಜನ ಸತ್ತುಹೋಗಿದ್ದರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ 8 ದಿನಗಳಲ್ಲಿ ಗಂಡನನ್ನೂ 6 ಮಕ್ಕಳನ್ನೂ ಮಣ್ಣು ಮಾಡಿದಳು. ಆ ಸಮಾಧಿಗಳು ಹೊಲದ ನಡುವೆ ಈಗಲೂ ಇವೆ.

ಇದಕ್ಕೆ ‘ದಿಗ್ಬಂಧನ’ ಅಂದರೆ ನನಗೆ ಒಗ್ಗುತ್ತಿಲ್ಲ. ಯಾರೋ ಹೊರಗಿನವರು ಕಟ್ಟಿಹಾಕಿದ ಹಾಗೆ ಕೇಳುತ್ತೆ. ‘ಕ್ವಾರಂಟೈನ್’ ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತು, ಆದರೆ ಅದು ಸರ್ಕಾರ ಬಾಗಿಲಿಗೆ ಚೀಟಿ ಅಂಟಿಸಿ ಹೋಗುವ ಮಾತು. ನಮ್ಮಲ್ಲಿ ಪ್ಲೇಗು ಬಂದಾಗ ಜನ ಮಾಡಿದ್ದು ಉಲ್ಟಾ: ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಬೇನೆಯ ಭಯಕ್ಕೆ ಹಾಗೆ ಊರು ಖಾಲಿ ಮಾಡಿ ಹೊರಗಿರೋದಕ್ಕೆ ‘ಹೊರಬೀಡು’ ಎಂಬ ಪದವೇ ಇದೆ. ಒಳಗೇ ಉಳಿಯೋದಕ್ಕೆ? ‘ಒಳಬೀಡು’ ಅಂತ ಸುಮ್ನೆ ಹುಟ್ಟಿಸಬಹುದು, ಯಾರೂ ಆಡದ ಮಾತು. ಮೈಸೂರು, ಮಂಡ್ಯದ ಕಡೆ ಹಬ್ಬಕ್ಕೆ ಸಾರು ಹಾಕಿದ ಮೇಲೆ, ಅಂದರೆ ಹಬ್ಬ ಇದೆ ಅಂತ ಊರಿಗೆಲ್ಲ ಸಾರಿದ ಮೇಲೆ, ಊರವರು ರಾತ್ರಿ ಹೊರಗೆ ಉಳಿಯಬಾರದು ಅನ್ನೋ ಕಟ್ಟು ಇದೆಯಲ್ಲ, ಆ ‘ಕಟ್ಟು’ ಹತ್ತಿರ ಬರುತ್ತೆ. ಊರವರೇ ಒಪ್ಪಿ ಹಾಕಿಕೊಂಡದ್ದು, ಅಲ್ವಾ? ‘ಊರುಕಟ್ಟು’ ಅಂದರೆ ನಿಮ್ಮ ಕಿವಿಗೆ ಹೇಗಿದೆ?

ಇನ್ನೊಂದು ಪದವೂ ಬೇಕು. ಈಮ್‌ಗೂ ಪಕ್ಕದ ಸ್ಟೋನಿ ಮಿಡಲ್‌ಟನ್‌ಗೂ ನಡುವೆ ಒಂದು ಕಲ್ಲಿದೆ. ಮೈಮೇಲೆ ಗುಳಿಗಳು. ಈಮ್‌ನವರು ಸೋಂಕು ದಾಟದಿರಲಿ ಅಂತ ಆ ಗುಳಿಗಳಿಗೆ ವಿನೆಗರ್ ಹುಯ್ದು ಅದರಲ್ಲಿ ನಾಣ್ಯ ಇಡುತ್ತಿದ್ದರು. ಆಚೆ ಊರವರು ದುಡ್ಡು ತಗೊಂಡು ದಿನಸಿ ಇಟ್ಟು ಹೋಗುತ್ತಿದ್ದರು. ‘ಬಾಂದುಕಲ್ಲು’ ಅಂದರೆ ಸರ್ವೆಯವರು ಜಮೀನಿಗೆ ನೆಟ್ಟದ್ದು ಅನ್ನಿಸಿಬಿಡುತ್ತೆ. ಸದ್ಯಕ್ಕೆ ‘ಎಲ್ಲೆಗಲ್ಲು’ ಅಂತ ಇಟ್ಟುಕೊಂಡಿದ್ದೇನೆ. ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಎರಡು ಊರಿನ ನಡುವಿನ ಕಲ್ಲಿಗೆ ಏನಂತೀರಿ?